ಹಾಸು ಕೊಯ್ದವರು ನಮ್ಮವರೇ

೧೯೬೪ರಲ್ಲಿ ನಾನು ಇಚಲಕರಂಜಿಯ ಒಂದು ಪವರ್‌ಲೂಮ್ ಶೆಡ್ಡಿನಲ್ಲಿ ಜಾಬರ್ ಆಗಿದ್ದೆ. ಜಾಬರ್ ಎಂದರೆ ನೇಯುವವನಲ್ಲ, ಮಗ್ಗ ರಿಪೇರಿ ಮಾಡುವವನು. ಮಗ್ಗ ಕೆಟ್ಟು ನಿಂತಾಗ ಎಲ್ಲರೂ ಕೂಗಿ ಕರೆಯುತ್ತಾರೆ, ನಡೆಯುತ್ತಿದ್ದಾಗ ಯಾರಿಗೂ ಅವನ ನೆನಪಿರುವುದಿಲ್ಲ. ನನ್ನ ಊರು ಗಡಹಿಂಗ್ಲಜ ತಾಲೂಕಿನ ಮಹಾಗಾಂವ. ಕೆಲಸದ ಜೊತೆಗೆ ನಮ್ಮ ಪಕ್ಷದ ಕಾಮಗಾರ ಯೂನಿಯನ್ನಿನ ಶಾಖಾ ಸೆಕ್ರೆಟರಿಯೂ ಆಗಿದ್ದೆ. ಪಕ್ಷದ ಹೆಸರು ಬರೆಯುವುದಿಲ್ಲ. ಬರೆದರೆ ಅರ್ಧ ಜನ ಇಲ್ಲಿಗೇ ಓದುವುದು ನಿಲ್ಲಿಸುತ್ತಾರೆ. ಆಗ ನನಗೆ ಮೂವತ್ತು ವರ್ಷ, ನಮ್ಮವರು ತಪ್ಪು ಮಾಡುವುದೇ ಇಲ್ಲ ಎಂದು ಎದೆ ತಟ್ಟಿ ಹೇಳುವ ವಯಸ್ಸು.

ಆ ವರ್ಷ ಮಾಲೀಕರು ಒಬ್ಬ ನೇಕಾರನಿಗೆ ಎರಡರ ಬದಲು ನಾಲ್ಕು ಮಗ್ಗ ಒಪ್ಪಿಸಲು ಹೊರಟರು. ನಾವು ಕೆಲಸ ನಿಲ್ಲಿಸಿದೆವು. ಮೂರನೆಯ ವಾರದ ಹೊತ್ತಿಗೆ ನಮ್ಮ ಶೆಡ್ಡಿನ ಮಾಲೀಕರಾದ ಶೇಟಜಿ ಹೊರಗಿನಿಂದ ಐದಾರು ಜನರನ್ನು ಕರೆತಂದು ಮೂರು ಮಗ್ಗ ನಡೆಸತೊಡಗಿದರು. ಗೇಟಿನ ಹೊರಗೆ ಕೂತ ನಮಗೆ ಆ ಮಗ್ಗಗಳ ಸದ್ದು ಕೇಳಿದರೆ ಮೈ ಉರಿಯುತ್ತಿತ್ತು.

ಒಂದು ಶುಕ್ರವಾರ ಮಧ್ಯಾಹ್ನ ಆ ಜನ ಊಟಕ್ಕೆ ಹೋದಾಗ ಯಾರೋ ಒಳಹೊಕ್ಕು ಮೂರೂ ಮಗ್ಗದ ಹಾಸನ್ನು, ಅಂದರೆ ಉದ್ದಕ್ಕೆ ಎಳೆದು ಕಟ್ಟಿದ ನೂಲನ್ನು, ಕೊಯ್ದುಹಾಕಿದರು. ಹೊರಗಿನ ನೇಕಾರರು ಹೆದರಿ ಅದೇ ಸಂಜೆ ಊರು ಬಿಟ್ಟರು. ಪೊಲೀಸರು ಮೊದಲು ಬಂದದ್ದು ನಮ್ಮ ಆಫೀಸಿಗೇ. ಆಗ ನಮ್ಮ ಇಬ್ಬರು ಸದಸ್ಯರು, ಆ ಹೊತ್ತಿಗೆ ಒಳಗೆ ಹೋದವನು ನೇಮಣ್ಣನೊಬ್ಬನೇ ಎಂದು ಸಾಕ್ಷಿ ಹೇಳಿದರು.

ನೇಮಣ್ಣ ದಾನೋಳಿಯ ಜೈನರವನು. ಶೇಟಜಿಯದೇ ಒಂದು ಖೋಲಿ ಬಾಡಿಗೆಗೆ ಹಿಡಿದು ಶೆಡ್ಡಿನ ಎದುರು ಚಹಾದಂಗಡಿ ಇಟ್ಟಿದ್ದ. ಒಳಗೆ ಹೋದದ್ದು ನಿಜ, ಶೇಟಜಿಯ ಆಫೀಸಿಗೆ ಚಹಾ ಕೊಡಲು. ಆದರೆ ಅವನು ಎದುರು ಪಕ್ಷದವನು. ಹಿಂದಿನ ಚುನಾವಣೆಯಲ್ಲಿ ಅದೇ ಅಂಗಡಿಯ ಮುಂದೆ ನಿಂತು ನಮ್ಮನ್ನು ಹಿಗ್ಗಾಮುಗ್ಗಾ ಬೈದಿದ್ದ. ನಮಗೆ ಅಷ್ಟೇ ಸಾಕಾಯಿತು. ಮುಷ್ಕರಕ್ಕೆ ಕೆಟ್ಟ ಹೆಸರು ತರಲು ಎದುರು ಪಕ್ಷದವರೇ ಇವನಿಂದ ಹಾಸು ಕೊಯ್ಯಿಸಿದ್ದಾರೆ ಎಂದು ಹ್ಯಾಂಡ್‌ಬಿಲ್ ಬರೆದು ಊರೆಲ್ಲ ಹಂಚಿದೆವು. ಬರೆದದ್ದು ನಾನು. ಮಗ್ಗಗಳನ್ನು ಕಣ್ಣಿಂದ ನೋಡಿಯೂ ಇರಲಿಲ್ಲ, ಆದರೂ ಚೆನ್ನಾಗಿಯೇ ಬರೆದಿದ್ದೆ. ಶನಿವಾರ ನೇಮಣ್ಣನನ್ನು ಒಳಗೆ ಹಾಕಿದರು. ಅವನ ಅಂಗಡಿಯ ಪಾವು-ಬ್ರೆಡ್ಡು ಕೊಯ್ಯುವ ಚಾಕುವನ್ನೂ ಪುರಾವೆಯೆಂದು ಒಯ್ದರು.

ಸೋಮವಾರ ಠಾಣೆಯ ಫೌಜದಾರರು ನನಗೆ ಹೇಳಿಕಳಿಸಿದರು. ಎಷ್ಟು ಹಾನಿಯಾಗಿದೆಯೆಂದು ಪಂಚನಾಮೆಯಲ್ಲಿ ಬರೆಯಲು ಮಗ್ಗ ಬಲ್ಲವನೊಬ್ಬ ಬೇಕಾಗಿತ್ತು. ಹೋಗಿ ಮಗ್ಗದ ಹಿಂದೆ ಬಗ್ಗಿ ನೋಡಿದೆ. ನೋಡಿದ ಕೂಡಲೇ ಇದು ನೇಮಣ್ಣನ ಕೆಲಸವಲ್ಲ ಎಂದು ತಿಳಿಯಿತು.

ಇಲ್ಲಿ ಸ್ವಲ್ಪ ಕಸಬಿನ ಮಾತು ಹೇಳಬೇಕು. ಹಾಸಿನ ಒಂದೊಂದು ಎಳೆಯೂ ತಂತಿಯ ಒಂದೊಂದು ಸಣ್ಣ ಕಣ್ಣಿನೊಳಗೆ ಹಾದು, ಆಮೇಲೆ ಹಣಿಗೆಯ ಹಲ್ಲುಗಳ ಸಂದಿಯಿಂದ ಮುಂದೆ ಬರುತ್ತದೆ. ಸಾವಿರಾರು ಎಳೆಗಳನ್ನು ಹೀಗೆ ಪೋಣಿಸುವುದು ಕಣ್ಣು ಸೋಲುವ ಕೆಲಸ. ಆದ್ದರಿಂದ ಹಾಸು ಮುಗಿದಾಗ ನಾವು ತಂತಿಯ ಹಿಂದೆ ಒಂದು ಮೊಳ ನೂಲು ಬಿಟ್ಟು ಕೊಯ್ಯುತ್ತೇವೆ. ಎಳೆಗಳು ಕಣ್ಣಿನಿಂದ ಉಚ್ಚಿಹೋಗದಂತೆ ಹಿಡಿಹಿಡಿಯಾಗಿ ಗಂಟು ಹಾಕಿ ಇಡುತ್ತೇವೆ. ಹೊಸ ಹಾಸಿನ ಎಳೆಗಳನ್ನು ಅವಕ್ಕೆ ಜೋಡಿಸಿದರಾಯಿತು.

ಆ ಮೂರು ಮಗ್ಗಗಳಲ್ಲಿ ಹಾಸನ್ನು ಕೊಯ್ದದ್ದು ಹಿಂದಿನಿಂದ, ಸರಿಯಾಗಿ ಒಂದು ಮೊಳ ಬಿಟ್ಟು. ಎಳೆಗಳನ್ನೆಲ್ಲ ಹಿಡಿಹಿಡಿಯಾಗಿ ಗಂಟು ಹಾಕಿದ್ದರು. ಚಹಾ ಮಾರುವವನು ಹೀಗೆ ಕೊಯ್ಯುವುದಿಲ್ಲ. ಮಗ್ಗದ ಮೇಲೆ ಹಗೆ ಇದ್ದವನು ಎದುರಿಗೆ ಕಂಡ ಬಟ್ಟೆಗೇ ಚಾಕು ಹಾಕುತ್ತಾನೆ. ಇದು ನಾಳೆ ಮತ್ತೆ ಅದೇ ಮಗ್ಗ ನಡೆಸಬೇಕಾದವನ ಕೈಯ ಕೆಲಸ. ಶೇಟಜಿಗೆ ಇದು ತಿಳಿಯಲಿಲ್ಲ, ಅವರು ಬಟ್ಟೆ ಮಾರುವವರು. ಫೌಜದಾರರಿಗಂತೂ ನೂಲೆಂದರೆ ನೂಲು.

"ಏನ ಕಾಣತೈತಿ?" ಎಂದು ಫೌಜದಾರರು ಕೇಳಿದರು.

"ಹಾಸು ಕೊಯ್ದಾರ್ರಿ, ಮೂರೂ ಮಗ್ಗದ್ದು," ಎಂದೆ. ಸಹಿ ಮಾಡಿ ಹೊರಗೆ ಬಂದೆ.

ಅಂದು ಸಂಜೆ ಕಮಿಟಿ ಸೇರಿತು. ಕೊಲ್ಲಾಪುರದಿಂದ ನಮ್ಮ ಮುಖಂಡರಾದ ವಕೀಲ ಸಾಹೇಬರು ಬಂದಿದ್ದರು. ನಾನು ಕಂಡದ್ದನ್ನು ಹೇಳಿದೆ. ಮೂಲೆಯಲ್ಲಿ ಕೂತಿದ್ದ ಸಂಗಪ್ಪಣ್ಣ ಎದ್ದು ನಿಂತ. ನನಗೆ ಕೆಲಸ ಕಲಿಸಿದವನೇ ಅವನು, ಇಪ್ಪತ್ತು ವರ್ಷದಿಂದ ನೇಯುತ್ತಿದ್ದವನು.

"ನಾನ ಕೊಯ್ದೇನಿ. ಹಿಂದಿನ ಕಿಡಕಿಲಿಂದ ಹೋಗಿದ್ನಿ. ಆ ಮಗ್ಗದ ಸಪ್ಪಳ ಕೇಳಿ ಕೇಳಿ ತಲಿ ಕೆಟ್ಟಿತ್ತು."

"ಮತ್ತ ಗಂಟ್ಯಾಕ ಹಾಕಿದಿ?" ಎಂದೆ.

"ಹಂಗ ಬಿಟ್ಟು ಬರಾಕ ಮನಸಾಗಲಿಲ್ಲೋ ಬಸ್ಯಾ. ಎಳಿ ಉಚ್ಚಿ ಹ್ವಾದ್ರ ನಾಳೆ ಪೋಣಸಾವ್ರು ನಾವ ಅಲ್ಲೇನು?"

ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ನೇಮಣ್ಣನನ್ನು ಬಿಡಿಸಬೇಕು ಎಂದೆ. ವಕೀಲ ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು.

"ಆತ್ತಾ ನಕೋ, ಈಗ ಬ್ಯಾಡ ಬಸಣ್ಣಾ. ಶುಕ್ರವಾರ ಕೊಲ್ಲಾಪುರದಾಗ ಮಾಲಕರ ಕೂಡ ಮಾತುಕತಿ ಐತಿ. ಅದು ಮುಗೀಲಿ. ಅವ ನಾಕ ದಿನ ಒಳಗಿದ್ರ ಸಾಯೂದಿಲ್ಲ. ಇದು ಬಯಲಾತು ಅಂದ್ರ ಸಾವಿರ ಮನಿ ಬೀದಿಗೆ ಬೀಳತಾವು."

ಅವರು ಕೆಟ್ಟ ಮನುಷ್ಯರಲ್ಲ. ನಮಗಾಗಿ ಎರಡು ಸಲ ಜೈಲು ಕಂಡವರು. ಲೆಕ್ಕವೂ ಸರಿಯೆನಿಸಿತು: ಒಂದು ಕಡೆ ಸಾವಿರ ಮನೆ, ಇನ್ನೊಂದು ಕಡೆ ಒಬ್ಬ ಚಹಾದವನು, ಅದೂ ಎದುರು ಪಕ್ಷದವನು. ನಾನು ತಲೆಯಾಡಿಸಿದೆ. ಆ ತಲೆಯಾಡಿಸಿದ್ದನ್ನು ಯಾರ ಮೇಲೂ ಹಾಕಲಾರೆ.

ಬುಧವಾರ ಮಧ್ಯಾಹ್ನ ಶೇಟಜಿಯ ಆಳುಗಳು ನೇಮಣ್ಣನ ಅಂಗಡಿ ಖಾಲಿ ಮಾಡಿಸಿದರು. ಆ ಖೋಲಿಯ ಮೇಲೆ ಅವರಿಗೆ ಬಹಳ ದಿನದಿಂದ ಕಣ್ಣಿತ್ತು, ಈಗ ಒಳ್ಳೆಯ ನೆಪ ಸಿಕ್ಕಿತ್ತು. ನಾನು ಹೋಗುವ ಹೊತ್ತಿಗೆ ಗಿರಾಕಿಗಳು ಕೂರುವ ಬಾಕುಗಳು, ಒಲೆ, ಕಪ್ಪುಬಸಿಗಳೆಲ್ಲ ರಸ್ತೆಯಲ್ಲಿದ್ದವು. ನೇಮಣ್ಣನ ಹೆಂಡತಿ ಅವುಗಳ ನಡುವೆ ಕೂತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು.

"ಆ ಕಾಗದಾ ಬರದಾವ್ರು ನೀವ ಅಲ್ರೀ?"

"ಹೌದ್ರಿ," ಎಂದೆ. ಆಕೆ ತಿರುಗಿ ಕೂತು ಬಸಿಗಳನ್ನು ಒಂದರೊಳಗೊಂದು ಇಡತೊಡಗಿದಳು. ಜೀವನದಲ್ಲಿ ಅಷ್ಟು ನಾಚಿಕೆ ನನಗೆ ಮತ್ತೆಂದೂ ಆಗಿಲ್ಲ.

ಮರುದಿನ ಗುರುವಾರ ಗೇಟ್ ಸಭೆ. ಭಾಷಣ ಮಾಡುವುದು ನನ್ನ ಪಾಳಿ. ಯಾರ ಅಪ್ಪಣೆಯನ್ನೂ ಕೇಳದೆ ಹೇಳಿಬಿಟ್ಟೆ: "ಹಾಸು ಕೊಯ್ದಾವ್ರು ನಮ್ಮಾವ್ರ. ನೇಮಣ್ಣ ಅಲ್ಲ. ಹ್ಯಾಂಡ್‌ಬಿಲ್ ಸುಳ್ಳು, ಬರದಾವ ನಾನು." ಸಂಗಪ್ಪಣ್ಣನ ಹೆಸರು ಹೇಳಬಾರದೆಂದುಕೊಂಡಿದ್ದೆ. ಅವನೇ ಎದ್ದು ನಿಂತ. "ನಾನಪಾ, ನಾನ," ಎಂದು ಹೇಳಿ, ಧೋತರದ ಅಂಚು ಝಾಡಿಸಿಕೊಂಡು ತಾನೇ ಠಾಣೆಯ ಕಡೆ ನಡೆದ.

ಅಲ್ಲಿ ಚಪ್ಪಾಳೆ ಬೀಳಲಿಲ್ಲ. "ಎದುರು ಪಕ್ಷದ ರೊಕ್ಕಾ ತಿಂದಾನ" ಎಂದು ಹಿಂದಿನಿಂದ ಒಬ್ಬ ಕೂಗಿದ. ಮೊನ್ನೆಯವರೆಗೆ ಅಂಥ ಮಾತು ಆಡುತ್ತಿದ್ದವನು ನಾನೇ. ಶುಕ್ರವಾರದ ಮಾತುಕತೆಯಲ್ಲಿ ಮಾಲೀಕರು ಇದನ್ನೇ ಹಿಡಿದು ಜಗ್ಗಿದರು. ಮುಷ್ಕರ ಮುಗಿದಾಗ ಒಬ್ಬೊಬ್ಬರಿಗೆ ಮೂರು ಮಗ್ಗ ಬಂದವು. ಸಂಗಪ್ಪಣ್ಣನ ಕೆಲಸ ಹೋಯಿತು, ನನ್ನ ಸೆಕ್ರೆಟರಿ ಕುರ್ಚಿಯೂ ಹೋಯಿತು. ಪಕ್ಷ ಬಿಡಲಿಲ್ಲ. ಇಂದಿಗೂ ಬಿಟ್ಟಿಲ್ಲ.

ನೇಮಣ್ಣ ಶುಕ್ರವಾರವೇ ಹೊರಗೆ ಬಂದ. ಮರುದಿನ ಅವನು ಸಾಮಾನನ್ನು ಎತ್ತಿನ ಚಕ್ಕಡಿಗೆ ಹೇರುತ್ತಿದ್ದಾಗ ಹೋಗಿ, ತಪ್ಪಾಯಿತು ಎಂದೆ. ಅವನು ಹಗ್ಗ ಬಿಗಿಯುತ್ತಲೇ ಕೇಳಿದ.

"ಬಸಣ್ಣಾರ, ನಿಮಗ ಯಾವತ್ತ ಗೊತ್ತಾತ್ರಿ, ನಾ ಅಲ್ಲಂತ?"

"ಸೋಮವಾರ."

"ಹೇಳಿದ್ದು?"

"ಗುರುವಾರ."

ಅವನು ಹಗ್ಗಕ್ಕೆ ಕೊನೆಯ ಗಂಟು ಹಾಕಿದ. "ಮಂಗಳಾರ ಹೇಳಿದ್ರ ಅಂಗಡಿ ಉಳೀತಿತ್ತಲ್ರೀ," ಎಂದ. ಸಿಟ್ಟಿನಿಂದ ಹೇಳಲಿಲ್ಲ. ಅದೇ ನನ್ನನ್ನು ಹೆಚ್ಚು ಸುಟ್ಟಿತು. ಚಕ್ಕಡಿ ಹತ್ತಿ ಹೆಂಡತಿಯ ಜೊತೆ ದಾನೋಳಿಯ ದಾರಿ ಹಿಡಿದ.

ಆಮೇಲೆ ಎಷ್ಟೋ ಜನ ನನ್ನನ್ನು ಹೊಗಳಿದ್ದಾರೆ. ಸ್ವಂತ ಪಕ್ಷದ ತಪ್ಪನ್ನು ಗೇಟಿನ ಮುಂದೆ ನಿಂತು ಒಪ್ಪಿಕೊಂಡ ಗಂಡಸು ಎಂದಿದ್ದಾರೆ. ಹೌದು, ಒಪ್ಪಿಕೊಂಡೆ. ಆದರೆ ಮೊದಲು ಮೂರು ದಿನ, ಪಕ್ಷಕ್ಕೆ ಅನುಕೂಲವಾದ ದಿನ ಬರಲಿ ಎಂದು ಕಾದೆ. ಮೂವತ್ತೆಂಟು ವರ್ಷದ ಕೆಲಸ ನನಗೆ ಕಲಿಸಿದ್ದು ಇಷ್ಟೇ: ನಮ್ಮವರ ತಪ್ಪು ತಿಳಿದ ಮೇಲೆ ನಾವು ಎಷ್ಟು ದಿನ ಕಾಯುತ್ತೇವೋ ಅಷ್ಟೂ ದಿನ ನಮ್ಮ ಬದಲು ಬೇರೆ ಯಾರೋ ಒಳಗೆ ಕೂತಿರುತ್ತಾರೆ.