ಲಂಟಾನದೊಳಗಿನ ಬೋರ್ಡು

ಚಿಕ್ಕಮಗಳೂರಿನಿಂದ ಬರುವಾಗ ನಮ್ಮ ಪೇಟೆಗೆ ಸ್ವಲ್ಪ ಮೊದಲು ನೇರ ರಸ್ತೆಯ ಒಂದು ತುಂಡಿದೆ. ಅಲ್ಲಿಯವರೆಗೆ ಬರೀ ತಿರುವು, ಗುಂಡಿ, ರಸ್ತೆಗೆ ಅಡ್ಡ ಮಲಗಿದ ದನ, ಎದುರಿಗೆ ಮರದ ಲಾರಿ. ಇವನ್ನೆಲ್ಲ ತಪ್ಪಿಸಿಕೊಂಡು ಬಂದವರ ಕಾಲು ಅಲ್ಲಿ ತಾನಾಗಿಯೇ ಆಕ್ಸಿಲರೇಟರ್ ಒತ್ತುತ್ತದೆ. ಪೊಲೀಸರಿಗೆ ಇದು ಚೆನ್ನಾಗಿ ಗೊತ್ತು. ಬೈಕಿನವರು ಗುಂಡಿಗೆ ಬಿದ್ದು ಕೈಕಾಲು ಮುರಿದುಕೊಳ್ಳುವ ತಿರುವಿನಲ್ಲಿ ಒಬ್ಬ ಪೊಲೀಸನನ್ನೂ ನಾನು ಈವರೆಗೆ ಕಂಡಿಲ್ಲ. ಶಾಲೆ ಬಿಟ್ಟಾಗ ಮಕ್ಕಳು ರಸ್ತೆ ದಾಟುವಲ್ಲೂ ಇಲ್ಲ. ಅವರು ಇರುವುದು ಈ ನೇರ ರಸ್ತೆಯ ಕೊನೆಯಲ್ಲಿ, ಹಲಸಿನ ಮರದ ನೆರಳಲ್ಲಿ, ಜೀಪನ್ನು ಮರೆಗೆ ನಿಲ್ಲಿಸಿ, ವೇಗ ಅಳೆಯುವ ಯಂತ್ರವನ್ನು ಸ್ಟ್ಯಾಂಡಿನ ಮೇಲೆ ಕೂರಿಸಿಕೊಂಡು. ಮೀನು ಹಿಡಿಯುವವನಿಗೆ ಎರೆಹುಳು ಅಗೆಯುವ ಕೆಲಸವಾದರೂ ಇರುತ್ತದೆ. ಇವರಿಗೆ ಅದೂ ಇಲ್ಲ.

ಕಳೆದ ವರ್ಷ ಮಾರ್ಚಿನಲ್ಲಿ ರೋಬಸ್ಟಾ ಕಾಫಿಗೆ ಹೂವು ಅರಳಿಸುವ ನೀರು ಹೊಡೆಸುತ್ತಿದ್ದೆವು. ಅರ್ಧ ತೋಟ ನೆನೆದಿತ್ತು, ಅಷ್ಟರಲ್ಲಿ ಮೋಟಾರಿನ ಬೇರಿಂಗ್ ಹೋಯಿತು. ಮೂಡಿಗೆರೆಯಲ್ಲಿ ಸಿಗಲಿಲ್ಲ. ನನ್ನ ಯಜಮಾನರಿಗೆ ಬೆನ್ನುನೋವು, ಹೆಚ್ಚು ಹೊತ್ತು ಸ್ಟೀರಿಂಗ್ ಹಿಡಿದು ಕೂರಲಾರರು. ಹಾಗಾಗಿ ಚಿಕ್ಕಮಗಳೂರಿಗೆ ನಾನೇ ಹೋಗಿ ಬೇರಿಂಗ್ ತಂದೆ. ಬಾಳೂರಿನ ಕಡೆಯ ನಮ್ಮ ತೋಟದಲ್ಲಿ ಮೆಕ್ಯಾನಿಕ್ಕು ಮೋಟಾರು ಬಿಚ್ಚಿಟ್ಟುಕೊಂಡು ಕಾಯುತ್ತಿದ್ದ. ನೇರ ರಸ್ತೆ ಸಿಕ್ಕಿತು, ಕಾರು ಓಡಿತು. ಕೊನೆಯಲ್ಲಿ ಒಂದು ಖಾಕಿ ಕೈ ಅಡ್ಡ ಬಂತು.

ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಸಬ್ ಇನ್‌ಸ್ಪೆಕ್ಟರು ಕೂತಿದ್ದರು. ನನಗಿಂತ ಚಿಕ್ಕವರು, ಹೊಟ್ಟೆ ಮಾತ್ರ ಹಿರಿದು.

"ಅರವತ್ತೆರಡು ಮೇಡಂ. ಇಲ್ಲಿ ನಲವತ್ತೇ ಇರೋದು."

"ನಲವತ್ತು ಅಂತ ಎಲ್ಲಿ ಬರ್ದಿದೆ?"

"ಬೋರ್ಡಿದೆಯಲ್ಲ."

"ಮದುವೆಯಾಗಿ ಬಂದಾಗಿಂದ ಇದೇ ರಸ್ತೇಲಿ ಓಡಾಡ್ತಿದ್ದೀನಿ. ನನ್ ಕಣ್ಣಿಗೆ ಬಿದ್ದಿಲ್ಲ. ತೋರ್ಸಿ ನೋಡಣ."

ಈ ಹೆಂಗಸು ಬಿಸಿಲಲ್ಲಿ ಎಲ್ಲಿ ನಡೆಯುತ್ತಾಳೆ ಎಂದುಕೊಂಡಿರಬೇಕು, "ಬನ್ನಿ ಹಾಗಾದ್ರೆ" ಎಂದುಬಿಟ್ಟರು. ನಾನು ಹೊರಟೇಬಿಟ್ಟೆ. ಅವರು ಟೋಪಿ ತೆಗೆದು ಬೆವರು ಒರೆಸಿಕೊಳ್ಳುತ್ತ ಹಿಂದೆ ಬಂದರು. ರಸ್ತೆಯ ಆ ತುದಿಯಲ್ಲಿ ಲಂಟಾನದ ಪೊದೆ ಆಳೆತ್ತರ ಬೆಳೆದಿತ್ತು. ಅವರು ಲಾಠಿಯಿಂದ ಅದನ್ನು ಸರಿಸಿದಾಗ ಕಂಡದ್ದು ಯಾರೋ ಮುಖಂಡರ ಹುಟ್ಟುಹಬ್ಬದ ಪೋಸ್ಟರು. ಮುಖಂಡರು ಕೈಮುಗಿದು ನಗುತ್ತಿದ್ದರು. ಅವರ ತಲೆಯ ಮೇಲೆ ಕೆಂಪು ವೃತ್ತದ ಒಂದು ಅಂಚು ಇಣುಕಿತ್ತು.

"ನೋಡಿ, ಇದೆಯಲ್ಲ!" ಕಳೆದುಹೋದ ಎಮ್ಮೆ ಸಿಕ್ಕಿದಷ್ಟು ಸಂತೋಷ ಅವರಿಗೆ.

"ಇದ್ರೆ ಸಾಕಾ? ಕಾಣ್ಬೇಡ್ವಾ?"

"ಬೋರ್ಡ್ ಹಾಕೋದು ರಸ್ತೆಯವ್ರು. ಗಿಡ ಕಡ್ಯೋದು ಪಂಚಾಯ್ತಿಯವ್ರು. ನಮ್ದು ಸ್ಪೀಡ್ ಒಂದೇ ಮೇಡಂ."

ತಿರುಗಿ ಹಲಸಿನ ಮರದ ಹತ್ತಿರ ಬಂದೆವು. ಅಷ್ಟರಲ್ಲಿ ಅಲ್ಲಿ ಇನ್ನೆರಡು ಗಾಡಿ ನಿಂತಿದ್ದವು. ಒಂದು ಗೋಣಿಬೀಡಿನ ಪಿಕಪ್ಪು. ಹಿಂದೆ ಮೆಣಸು ಕುಯ್ಯುವ ಹೆಂಗಸರು ಕೂತಿದ್ದರು, ಡ್ರೈವರು ಕೆಳಗಿಳಿದು ಸುಮ್ಮನೆ ನಿಂತಿದ್ದ. ಇನ್ನೊಂದು, ರಸ್ತೆಯ ಅರ್ಧ ತನಗೇ ಬೇಕೆನ್ನುವಂಥ ಬಿಳಿ ಗಾಡಿ. ಅದು ಯಜಮಾನರ ಚಿಕ್ಕಪ್ಪನ ಮಗನದು, ಅಂದರೆ ನನ್ನ ಮೈದುನನದು. ಬೆಳೆಗಾರರ ಸಭೆಗಳಲ್ಲಿ ಮೈಕು ಸಿಕ್ಕರೆ ಆಳುಗಳಿಗೆ ಶಿಸ್ತಿಲ್ಲ, ದೇಶಕ್ಕೆ ಶಿಸ್ತಿಲ್ಲ ಎಂದು ಗಂಟೆಗಟ್ಟಲೆ ಮಾತನಾಡುವವನು ಇವನೇ. ಈಗ ಸೀಟಿನಿಂದ ಇಳಿಯದೆ ಫೋನನ್ನು ಕಿಟಕಿಯಿಂದ ಹೊರಗೆ ಚಾಚಿದ್ದ.

"ಸಾಹೇಬ್ರೇ, ಒಂಚೂರು ಮಾತಾಡಿ."

ಸಬ್ ಇನ್‌ಸ್ಪೆಕ್ಟರು ಫೋನ್ ಕಿವಿಗಿಟ್ಟದ್ದೇ ತಡ, ಬೆನ್ನು ನೆಟ್ಟಗಾಯಿತು. ಹೊಟ್ಟೆಯೂ ಒಳಗೆ ಹೋಯಿತು. "ಆಯ್ತು ಸಾರ್. ಗೊತ್ತಾಗ್ಲಿಲ್ಲ ಸಾರ್. ಆಯ್ತು ಸಾರ್." ಫೋನನ್ನು ಎರಡೂ ಕೈಯಲ್ಲಿ ವಾಪಸು ಕೊಟ್ಟರು. ನನ್ನ ಜೊತೆ ಕಾನೂನು ಮಾತನಾಡಿದ ಬಾಯಿ ಇದೇನಾ ಎಂದು ನೋಡುತ್ತ ನಿಂತೆ.

ಮೈದುನ ಆಗ ನನ್ನನ್ನು ಕಂಡ. "ಅಯ್ಯೋ ಅತ್ತಿಗೆ, ನಿಮ್ಮನ್ನೂ ಹಿಡಿದ್ರಾ? ನಂಗೊಂದ್ ಮಾತು ಹೇಳ್ಬಾರ್ದಾ? ಈಗ್ಲೇ ಬಿಡಿಸ್ತೀನಿ ತಡೀರಿ."

"ಹಂಗಾದ್ರೆ ಆ ಪಿಕಪ್ಪಿನವ್ರದ್ದೂ ಬಿಡ್ಸು."

ಅವನು ಜೋರಾಗಿ ನಕ್ಕ. "ಎಲ್ಲರ್ದೂ ಬಿಡ್ಸಕ್ಕೆ ಇದೇನು ಧರ್ಮಛತ್ರನಾ?"

"ನಂದೂ ಬೇಡ."

ಅವನು ಹೆಗಲು ಕುಣಿಸಿ ಗಾಡಿ ಬಿಟ್ಟ. ಆ ಹೊರಟ ವೇಗ ನೋಡಬೇಕಿತ್ತು. ಯಂತ್ರ ಆ ಕಡೆಗೆ ತಿರುಗಲೇ ಇಲ್ಲ. ನಾನು ದಂಡ ಕಟ್ಟಿ ರಸೀದಿ ತೆಗೆದುಕೊಂಡೆ. ಪಿಕಪ್ಪಿನವನೂ ಕಟ್ಟಿದ. ದೊಡ್ಡದೊಂದು ಕೆಲಸ ಮಾಡಿದೆ ಎಂಬ ಠೀವಿಯಲ್ಲಿ ನಾನು ಕಾರಿನ ಬಾಗಿಲು ತೆಗೆಯುತ್ತಿದ್ದಾಗ ಅವನು ಹತ್ತಿರ ಬಂದ.

"ನೀವ್ಯಾಕಮ್ಮ ಬೇಡ ಅಂದ್ರಿ? ನೀವು ಕಟ್ಟಿದ್ರೆ ನಂದೇನು ಕಮ್ಮಿ ಆಯ್ತಾ? ನಂಗೆ ಹಂಗೆ ಫೋನ್ ಮಾಡೋರು ಇದ್ದಿದ್ರೆ ಇಷ್ಟೊತ್ತಿಗೆ ಮನೇಲಿರ್ತಿದ್ದೆ."

ಪಿಕಪ್ಪಿನ ಹೆಂಗಸರು ಕಿಸಕ್ಕನೆ ನಕ್ಕರು. ನನಗೆ ಸಿಟ್ಟು ಬಂತು, ಕಾರಿನ ಬಾಗಿಲನ್ನು ದಢಾರನೆ ಹಾಕಿಕೊಂಡೆ. ಅವನು ಹೇಳಿದ್ದು ಸರಿಯಾಗಿಯೇ ಇತ್ತು.

ಮೋಟಾರು ಆ ಸಂಜೆಯೇ ರಿಪೇರಿಯಾಯಿತು, ಉಳಿದ ತೋಟಕ್ಕೂ ನೀರು ಬಿತ್ತು. ನನ್ನ ಸಿಟ್ಟು ಮಾತ್ರ ಆರಲಿಲ್ಲ. ಭಾನುವಾರ ಕತ್ತಿ ಮತ್ತು ಒಂದು ಕೊಡ ನೀರು ಕಾರಿಗೆ ಹಾಕಿಕೊಂಡು ಹೋದೆ. ಲಂಟಾನ ಕಡಿದೆ, ಮುಖಂಡರನ್ನು ನೀರಲ್ಲಿ ನೆನೆಸಿ ಉಗುರಿನಿಂದ ಕೆರೆದು ತೆಗೆದೆ. ಅವರ ಮೂಗು ಬಹಳ ಹೊತ್ತು ಅಂಟಿಕೊಂಡೇ ಇತ್ತು. ಕೈಯೆಲ್ಲ ಮುಳ್ಳು ಗೀರಿತು. ದಾರಿಹೋಕರೊಬ್ಬರು ಬೈಕು ನಿಲ್ಲಿಸಿ, "ಏನ್ ಮಾರಾಯ್ರೆ, ಪಂಚಾಯ್ತಿ ಕೆಲ್ಸ ನೀವೇ ವಹಿಸ್ಕೊಂಡ್ರಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದರು. ಕತ್ತಿ ಹಿಡಿಯಲು ಅವರಿಗೂ ಎರಡು ಕೈಗಳಿದ್ದವು.

ಬೋರ್ಡು ಕಾಣತೊಡಗಿದ ಮೇಲೆ ಗಾಡಿಗಳು ಅಲ್ಲಿ ನಿಧಾನವಾದವು. ಜನ ನಿಧಾನವಾದರೆ ಪೊಲೀಸರು ಸಂತೋಷಪಡಬೇಕಲ್ಲವೇ? ಅವರು ಹಲಸಿನ ಮರವನ್ನೇ ಬಿಟ್ಟರು. ಪೇಟೆಯ ಇನ್ನೊಂದು ಬದಿಯಲ್ಲಿ ಹೊಸದಾಗಿ ಟಾರು ಬಿದ್ದ ಕಡೆ ಕುರ್ಚಿ ಹಾಕಿಕೊಂಡರು. ಅಲ್ಲಿ ಲಂಟಾನ ಮುಚ್ಚುವುದಕ್ಕೂ ಒಂದು ಬೋರ್ಡಿರಲಿಲ್ಲ.

ಅದು ಮೈದುನನ ಮನೆಯ ದಾರಿ. ಮುಂದೆ ಒಂದು ನಾಮಕರಣದ ಮನೆಯಲ್ಲಿ ಸಿಕ್ಕಾಗ ಅವನು ಕಾಫಿ ಹಿಡಿದುಕೊಂಡು ನೇರ ನನ್ನ ಬಳಿಗೇ ಬಂದ.

"ಎಲ್ಲಾ ನಿಮ್ಮಿಂದ ಅತ್ತಿಗೆ. ಅಲ್ಲೆಲ್ಲೋ ಇದ್ದವ್ರನ್ನ ತಂದು ನಮ್ಮನೆ ಬಾಗ್ಲಲ್ಲಿ ಕೂರ್ಸಿದ್ರಿ. ದಿನಾ ಎಷ್ಟು ಸಲ ಅಂತ ಫೋನ್ ಮಾಡ್ಸೋದು? ಫೋನ್ ಮಾಡೋ ದೊಡ್ಡೋರ್ಗೂ ಬೇಜಾರಾಗಲ್ವಾ?"

"ನಿಧಾನಕ್ಕೆ ಹೋಗಪ್ಪ" ಎಂದೆ.

ಅವನು ನನ್ನ ಮುಖವನ್ನೇ ನೋಡಿದ. ಹಾಗೂ ಒಂದು ದಾರಿಯಿದೆ ಎಂಬುದು ಅವನ ತಲೆಗೆ ಹೊಳೆದೇ ಇರಲಿಲ್ಲವೇನೋ. ಆಮೇಲೆ ಲೋಟ ಕೆಳಗಿಟ್ಟು, ಈ ಸಲ ಮೆಣಸಿಗೆ ರೇಟು ಹೇಗಿರಬಹುದು ಎಂದು ಪಕ್ಕದವರನ್ನು ಕೇಳತೊಡಗಿದ.