ಸಹಿ ಹಾಕುವ ಕೈ

ಮರದ ಮಿಲ್ಲಿನ ಒಡತಿಯನ್ನು ಊರೆಲ್ಲ ಚೆಕ್ಕಕ್ಕ ಎಂದೇ ಕರೆಯುತ್ತಿತ್ತು, ಬೆನ್ನ ಹಿಂದೆ ಮಾತ್ರ. ಎದುರಿಗೇ ಅಂದ ಒಬ್ಬನ ಮೇಲೆ ಆಕೆ ಮರದ ರೀಪರು ಪಟ್ಟಿ ಬೀಸಿದ್ದಳು. ಅದರ ಗುರುತು ಅವನ ಹುಬ್ಬಿನ ಮೇಲೆ ಇನ್ನೂ ಇದೆ.

ಲಾರಿಯಿಂದ ಉರುಳಿದ ದಿಮ್ಮಿಯಡಿ ಗಂಡ ಸತ್ತ ಮೇಲೆ ಮಿಲ್ಲನ್ನು ಉಳಿಸಿಕೊಂಡವಳು ಅವಳೇ. ದಿಮ್ಮಿ ತಂದವನಿಗೂ ಗರಗಸ ಸಾಣೆ ಹಿಡಿಯುವವನಿಗೂ ಚೆಕ್ಕು ಬರೆದೇ ಕೊಡುತ್ತಿದ್ದಳು.

"ಅಕ್ಕಾ, ಈ ಕಾಲದಲ್ಲಿ ಚೆಕ್ಕು ನಡೆಯುತ್ತಾ?" ಎಂದು ಬಡಗಿ ಗೊಣಗಿದರೆ, "ನಡೆಯುತ್ತೆ. ನಿನ್ನ ಹಾಗೆ ಕುಡ್ದು ದಾರೀಲಿ ಬೀಳಲ್ಲ" ಅನ್ನುತ್ತಿದ್ದಳು. ದುಡ್ಡು ಕೈಬಿಡುವ ಮುನ್ನ ಮನುಷ್ಯ ಪೆನ್ನು ಹುಡುಕಬೇಕು, ಅಷ್ಟರಲ್ಲಿ ಬುದ್ಧಿ ಬಂದರೂ ಬಂದೀತು ಎಂಬುದು ಅವಳ ಲೆಕ್ಕ. ಅವಳ ಹತ್ತಿರ ಇದ್ದದ್ದು ಗುಂಡಿ ಒತ್ತುವ ಹಳೇ ಫೋನು.

ಮಿಲ್ಲಿಗೆ ರಜೆಯಿದ್ದ ಒಂದು ಬೆಳಿಗ್ಗೆ ಮೈದುನ ಬಂದ. ತನ್ನ ಪಾಲನ್ನೆಲ್ಲ ಇಸ್ಪೀಟಿನಲ್ಲಿ ಕರಗಿಸಿ, ಮನೆ ಬಿಟ್ಟುಹೋಗಿದ್ದವನು. ಜೊತೆಗೆ ಗೂಳಿಯಂಥ ಗೆಳೆಯನೊಬ್ಬ. ಒಳಗೆ ಬಂದವರೇ ಆಫೀಸಿನ ಬಾಗಿಲಿಗೆ ಚಿಲಕ ಹಾಕಿದರು.

"ಅತ್ತಿಗೆ, ಖಾತೇಲಿರೋದನ್ನೆಲ್ಲ ನನಗೆ ಕಳ್ಸು."

"ನಿನ್ನ ಪಾಲು ನಿನಗೆ ಯಾವತ್ತೋ ಸೇರಿದೆ. ಬಾಗಿಲು ತೆಗಿ."

ಅವನು ಕೆನ್ನೆಗೆ ಬಾರಿಸಿದ. ಅವಳು ಮೇಜಿನ ಮೇಲಿದ್ದ ಅಳತೆಯ ಕೋಲು ಹಿಡಿದು ಅವನ ಕಿವಿಗೇ ಬೀಸಿದಳು. ಕಿವಿ ಹರಿದು ರಕ್ತ ಅಂಗಿಗಿಳಿಯಿತು. ಗೆಳೆಯ ಹಿಂದಿನಿಂದ ಜಡೆಗೆ ಕೈಹಾಕಿ ಎಳೆದು ನೆಲಕ್ಕೆ ಕೆಡವಿದ. ಮೈದುನ ಪಕ್ಕೆಗೆ ಒದ್ದ, ಮತ್ತೆ ಒದ್ದ. ಅವಳು ಅವನ ಮೀನಖಂಡಕ್ಕೆ ಬಾಯಿ ಹಾಕಿ, ಹಲ್ಲು ಕೂರುವವರೆಗೂ ಬಿಡಲಿಲ್ಲ. ಅವನು ಬೊಬ್ಬೆ ಹೊಡೆದು, ಅವಳ ಬಲಗೈಯನ್ನು ತೆರೆದಿದ್ದ ಕಬ್ಬಿಣದ ಬೀರುವಿನ ಅಂಚಿಗೆ ಒತ್ತಿ, ಅದರ ಬಾಗಿಲನ್ನು ಒದ್ದು ಮುಚ್ಚಿದ. ಒಣಕಡ್ಡಿ ಮುರಿದ ಸದ್ದಾಯಿತು. ಅವಳಿಗೆ ಕಣ್ಣು ಕತ್ತಲೆ ಬಂತು.

ಕಣ್ಣು ಬಿಟ್ಟಾಗ ಅವರು ಅವಳ ಫೋನನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದರು. ಅದರಿಂದ ಕಾಸು ಹುಟ್ಟುವಂತಿರಲಿಲ್ಲ. ಬೀರುವಿನಿಂದ ಚೆಕ್ಕುಪುಸ್ತಕ ತೆಗೆದು ಮೈದುನ ಅವಳ ಮುಂದೆ ಎಸೆದ.

"ಹಾಕು ಸಹಿ."

ಅವಳು ಬಲಗೈ ಎತ್ತಿ ತೋರಿಸಿದಳು. ಬೆರಳುಗಳು ಯಾರದೋ ಬೆರಳುಗಳ ಹಾಗೆ ಒಂದೊಂದು ದಿಕ್ಕಿಗೆ ಜೋತಿದ್ದವು.

"ಲೇ ಬುದ್ಧಿಗೇಡಿ," ಎಂದ ಗೆಳೆಯ, "ಸಹಿ ಹಾಕೋ ಕೈಯನ್ನೇ ಮುರ್ದು ಕೂತಿದ್ಯಲ್ಲೋ!"

"ಎಡಗೈ ಇಲ್ವಾ? ಹಾಕಿಸ್ತೀನಿ ನೋಡು."

ಕುತ್ತಿಗೆಗೆ ಉಳಿ ಒತ್ತಿ ಹಾಕಿಸಿದ. ಏಡಿ ನಡೆದ ಹಾಗೆ ಸೊಟ್ಟಗೆ ಏನೋ ಮೂಡಿತು. ರಕ್ತ ಒರೆಸಿಕೊಂಡು, ಗೆಳೆಯನ ಜೊತೆ ಅಂಗಿ ಬದಲಾಯಿಸಿಕೊಂಡು, ಅವನನ್ನು ಕಾವಲಿಗಿಟ್ಟು ಮೈದುನ ಬ್ಯಾಂಕಿಗೆ ಓಡಿದ.

ಅಲ್ಲಿ ಕೌಂಟರಿನ ಹುಡುಗಿ ಚೆಕ್ಕನ್ನೂ ಪರದೆಯ ಮೇಲಿದ್ದ ಹಳೇ ಸಹಿಯನ್ನೂ ನೋಡಿ, "ಸ್ವಲ್ಪ ಕೂತ್ಕೊಳ್ಳಿ ಸರ್, ಖಾತೆಯವರನ್ನ ಒಂದು ಮಾತು ಕೇಳ್ಬೇಕು" ಎಂದು ಫೋನು ಎತ್ತಿಕೊಂಡಳು.

ಇತ್ತ ಗೆಳೆಯನ ಜೇಬಿನಲ್ಲಿ ಚೆಕ್ಕಕ್ಕನ ಫೋನು ಕಿರುಚಿಕೊಂಡಿತು. ಅವನು ಬೆಚ್ಚಿ ಅದನ್ನು ತೆಗೆದು, ಎತ್ತುವುದೋ ಬೇಡವೋ ಎಂದು ಬಗ್ಗಿ ನೋಡಿದ. ಅವಳಿಗೆ ಅಷ್ಟು ಹೊತ್ತು ಸಾಕಾಯಿತು. ಮೂಲೆಯಲ್ಲಿದ್ದ ಮರದ ಕೊಡತಿಯನ್ನು ಎಡಗೈಯಲ್ಲಿ ಎತ್ತಿ ಅವನ ಮಂಡಿಚಿಪ್ಪಿಗೆ ಇಳಿಸಿದಳು. ಅವನು ಕುಸಿದ. ಎದ್ದೇಳಲು ನೋಡಿದಾಗ ಭುಜಕ್ಕೂ ಒಂದು ಬಿತ್ತು. ಚಿಲಕ ತೆಗೆದು ಅವಳು ಬೀದಿಗಿಳಿದಳು.

ಹರಿದ ಸೀರೆ, ಊದಿದ ಮುಖ, ಎದೆಗೆ ಒತ್ತಿ ಹಿಡಿದ ಕೈ. ಬೀದಿಯ ಜನ ದಾರಿ ಬಿಟ್ಟರು. ಪೊಲೀಸರಿಗೆ ಫೋನು ಮಾಡಿದ್ದು ಚಪ್ಪಲಿ ಅಂಗಡಿಯವನು. ಅವಳು ಯಾರನ್ನೂ ತಿರುಗಿ ನೋಡದೆ ಬ್ಯಾಂಕಿನೊಳಗೆ ನುಗ್ಗಿದಳು.

ಮೈದುನ ಕುರ್ಚಿಯಲ್ಲಿ ಕಾಲು ಕುಣಿಸುತ್ತ ಕೂತಿದ್ದ. ಅವಳನ್ನು ಕಂಡು ಎದ್ದ. "ಅತ್ತಿಗೆ..." ಅನ್ನುವಷ್ಟರಲ್ಲಿ ಅವಳು ಎಡಗೈಯಿಂದಲೇ ಅವನ ಜುಟ್ಟು ಹಿಡಿದು ಮುಖವನ್ನು ಕೌಂಟರಿನ ಕಲ್ಲಿಗೆ ಅಪ್ಪಳಿಸಿದಳು. ಹಲ್ಲು ಉದುರಿತು. ಕಾವಲುಗಾರ ಬಂದು ಬಿಡಿಸಬೇಕಿತ್ತು. ಆದರೆ ಅವಳ ಬಲಗೈಯನ್ನು ನೋಡಿದವನು ಇನ್ನೆರಡು ಏಟು ಬೀಳುವ ತನಕ ತನ್ನ ಟೋಪಿ ಸರಿಮಾಡಿಕೊಳ್ಳುತ್ತ ನಿಂತಿದ್ದ.

ಇಬ್ಬರೂ ಜೈಲಿಗೆ ಹೋದರು. ಅವಳ ಬೆರಳುಗಳಲ್ಲಿ ಎರಡನ್ನು ಮತ್ತೆ ಮಡಚಲು ಬರಲೇ ಇಲ್ಲ. ಮ್ಯಾನೇಜರು ಆಸ್ಪತ್ರೆಗೇ ಬಂದು, "ಇನ್ನಾದ್ರೂ ದುಡ್ಡು ಕಳ್ಸೋ ಫೋನಿಗೆ ಬಂದ್ಬಿಡಿ ಅಮ್ಮಾ" ಅಂದರು. "ಅಂಥ ಫೋನಿದ್ದಿದ್ರೆ ಅವನು ಬ್ಯಾಂಕಿಗೆ ಬರ್ತಿದ್ನಾ, ನಿಮ್ಮ ಹುಡುಗಿ ಅವನನ್ನ ಕೂರಿಸ್ತಿದ್ಲಾ?" ಎಂದು ಕೇಳಿ, ಎಡಗೈ ಸಹಿಯನ್ನು ಖಾತೆಗೆ ಸೇರಿಸಲು ಏನೇನು ಬೇಕೆಂದು ವಿಚಾರಿಸಿಕೊಂಡಳು.

ಆದರೆ ಮನೆಯಲ್ಲಿ ಅತ್ತೆ ಇದ್ದರು. ಆ ಮೈದುನನನ್ನು ಹೆತ್ತವರು. ಆಸ್ಪತ್ರೆಯಿಂದ ಬಂದ ದಿನ ಮುದುಕಿ ತಟ್ಟೆ ಹಿಡಿದು ಬಂದು, ಬ್ಯಾಂಡೇಜಿನ ಕೈ ನೋಡಿ, ತಾವೇ ತುತ್ತು ಕಲಸಿ ಸೊಸೆಯ ಬಾಯಿಗಿಟ್ಟರು.

"ತುಂಬಾ ಹೊಡ್ದ್ಯಾ ಅವನಿಗೆ?"

"ಕೈ ಸೋಲೋ ತನಕ."

ಅತ್ತೆಯ ಕಣ್ಣು ತುಂಬಿತು. ಯಾರಿಗಾಗಿ ಎಂದು ಅವಳು ಕೇಳಲಿಲ್ಲ. ಮುಂದಿನ ತುತ್ತಿಗೆ ಬಾಯಿ ತೆರೆದಳು.