ನಾಲ್ಕೂರಿನ ಚಳಿಗಾಲ ಹೇಳುತ್ತಿದ್ದ ಕಂಡಕ್ಟರ್

ಶಿವಪುತ್ರಪ್ಪನವರು ಬಸ್ಸಿನಲ್ಲಿ ಕೂತದ್ದನ್ನು ನಾನು ಒಮ್ಮೆಯೂ ಕಾಣಲಿಲ್ಲ. ಕಂಡಕ್ಟರನ ಸೀಟು ಅಂತ ಒಂದಿತ್ತು, ಅದರ ಮೇಲೆ ಅವರ ಬುತ್ತಿಗಂಟು ಕೂತಿರುತ್ತಿತ್ತು. ಅವರು ಮಾತ್ರ ಒಂದು ಕಾಲು ಫುಟ್‌ಬೋರ್ಡಿನ ಮೇಲೆ, ಒಂದು ಕಾಲು ಒಳಗೆ ಇಟ್ಟು, ಟಿಕೀಟು ತೂತು ಮಾಡುವ ಪಂಚನ್ನು ಬಾಗಿಲ ಕಂಬಿಗೆ ಟಕಟಕ ಬಡಿಯುತ್ತ ನಿಂತಿರುತ್ತಿದ್ದರು. ಹಿಂದಿನ ಸೀಟಿನವರೆಗೆ ಹೋಗಿ ಬರುವರು, ಬಗ್ಗಿ ಆಕಾಶ ನೋಡುವರು, ಮತ್ತೆ ಬಾಗಿಲಿಗೆ ಬರುವರು. ಮೊದಮೊದಲು ಅದನ್ನು ನೋಡಿಯೇ ನನಗೆ ತಲೆ ಸುತ್ತುತ್ತಿತ್ತು.

"ಶಿವಪುತ್ರಪ್ಪನವರ, ಒಂದು ಘಳಿಗಿ ಕುಂಡ್ರಬಾರದೇನ್ರಿ?" ಎಂದರೆ, "ನಾ ಕುಂತರ ಬಸ್ಸು ಮಲಗತೈತ್ರಿ ಅಕ್ಕೋರ" ಎನ್ನುವರು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಮ್ಮ ಮನೆ ಬೆಟಗೇರಿಯಲ್ಲಿ, ನಾನು ಕಲಿಸುತ್ತಿದ್ದ ಶಾಲೆ ಶಿರಹಟ್ಟಿಯಲ್ಲಿ. ಶಿವಪುತ್ರಪ್ಪನವರ ಬಸ್ಸು ಗದಗಿನಿಂದ ಹೊರಟು ಮುಳಗುಂದ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಮುಟ್ಟಿ ಮತ್ತೆ ಗದಗಕ್ಕೇ ಬರುತ್ತಿತ್ತು. ಬೆಳಿಗ್ಗೆ ಒಂದು ಸುತ್ತು, ಮಧ್ಯಾಹ್ನ ಒಂದು ಸುತ್ತು. ಸಂಜೆ ಶಾಲೆ ಬಿಟ್ಟ ಮೇಲೆ ಶಿರಹಟ್ಟಿಯಿಂದ ನನಗೆ ಬೇರೆ ಬಸ್ಸಿರಲಿಲ್ಲ. ಹಾಗಾಗಿ ಬೆಳಿಗ್ಗೆ ಮುಳಗುಂದದ ಮೇಲೆ ಹೋಗಿ, ಸಂಜೆ ಮುಂಡರಗಿಯ ಮೇಲೆ ಮನೆ ಸೇರುತ್ತಿದ್ದೆ. ಗಾಣದ ಎತ್ತಿಗೂ ನನಗೂ ಫರಕಿರಲಿಲ್ಲ.

ನವರಾತ್ರಿ ಹತ್ತಿರ ಬಂತೆಂದರೆ ಶಿವಪುತ್ರಪ್ಪನವರಿಗೆ ಎರಡನೆಯ ಡ್ಯೂಟಿ ಶುರುವಾಗುತ್ತಿತ್ತು. ಬರುವ ಚಳಿಗಾಲ ಹೇಗೆ, ಥಂಡಿ ಬೀಳುವುದೋ, ಮೋಡ ಕವಿಯುವುದೋ, ಅಕಾಲದ ಮಳೆ ಬರುವುದೋ ಎಂಬುದನ್ನು ಊರೂರಿನ ಹಿರಿಯರಿಂದ ಕೇಳಿ ತಂದು ಬಸ್ಸಿನಲ್ಲಿ ಸಾರುವುದು. ಥಂಡಿ ಬಿದ್ದರೆ ಬಿಳಿಜೋಳಕ್ಕೆ ಜೀವ, ಮಳೆ ಬಿದ್ದರೆ ಒಡೆದ ಹತ್ತಿ ಕಪ್ಪು, ಮೆಣಸಿನಕಾಯಿ ಹಾಸಿದವರ ಗತಿ ದೇವರಿಗೇ ಗೊತ್ತು. ಆದ್ದರಿಂದ ಕೇಳುವವರಿಗೆ ಕಡಿಮೆಯಿರಲಿಲ್ಲ.

ಮುಳಗುಂದದಲ್ಲಿ ಅರಿವೆ ಅಂಗಡಿಯ ನೇಮಣ್ಣ ಸಾಹುಕಾರರು ಬಾವಿಯ ಮೇಲೆ ಗೀಜಗನ ಗೂಡು ಎಷ್ಟು ಕೆಳಗೆ ಜೋತಿದೆ ಎಂದು ನೋಡಿ ಹೇಳುತ್ತಿದ್ದರು. ಲಕ್ಷ್ಮೇಶ್ವರದ ಹತ್ತಿ ದಲಾಲರೊಬ್ಬರಿಗೆ ನವರಾತ್ರಿಯ ಬೆನ್ನಿಗೆ ಬರುವ ಸೀಗಿ ಹುಣ್ಣಿಮೆಯ ಚಂದ್ರನ ಸುತ್ತಲಿನ ಬಳೆಯೇ ಪ್ರಮಾಣ. ಶಿರಹಟ್ಟಿಯ ಭಟ್ಟರದು ಪಂಚಾಂಗ. ಮುಂಡರಗಿಯ ಕುರಿ ಅಜ್ಜ, ಹಟ್ಟಿಯಲ್ಲಿ ಕುರಿ ಒತ್ತೊತ್ತಾಗಿ ಮಲಗುತ್ತಾವೋ ಬಿಡಿಬಿಡಿಯಾಗಿ ಮಲಗುತ್ತಾವೋ ಎಂಬುದರ ಮೇಲೆ ತೀರ್ಪು ಕೊಡುತ್ತಿದ್ದ. ಈ ನಾಲ್ವರು ಯಾವ ವರ್ಷವೂ ಒಂದೇ ಮಾತು ಆಡಿದವರಲ್ಲ. ಶಿವಪುತ್ರಪ್ಪನವರಿಗೆ ಅದೇ ಖುಷಿ. "ಮುಳಗುಂದ ಥಂಡಿ ಅಂತೈತ್ರಿ, ಮುಂಡರಗಿ ಮ್ವಾಡ ಅಂತೈತಿ. ನಡಕ ಶಿರಹಟ್ಟಿ ಸುಮ್ಮ ಐತಿ" ಎಂದು ಹಳ್ಳಿ ಹಳ್ಳಿಗೂ ಹಂಚುತ್ತ ಹೋಗುವರು.

ನಾನು ವಿಜ್ಞಾನ ಕಲಿಸುವವಳು. ಸುಮ್ಮನೆ ಬಿಡುತ್ತೇನೆಯೇ? "ಹೋದ ವರ್ಷ ದಲಾಲರು ಹೇಳಿದ್ದು ಸುಳ್ಳಾತಲ್ರಿ" ಎಂದು ಕೆಣಕುತ್ತಿದ್ದೆ.

"ಲಕ್ಷ್ಮೇಶ್ವರಕ್ಕ ಸುಳ್ಳಾತ್ರಿ. ಅಲ್ಲಿಂದ ಆಚೆ ಖರೆ ಆತು."

ಹೀಗೆ ಅವರ ಬಳಿ ಯಾವ ಭವಿಷ್ಯವೂ ಸೋಲುತ್ತಿರಲಿಲ್ಲ. ಹುಸಿಯಾದದ್ದನ್ನು ಜನ ಮರೆಯುತ್ತಿದ್ದರು, ನಿಜವಾದದ್ದನ್ನು ಅವರು ಮೂರು ವರ್ಷ ಹೇಳುತ್ತಿದ್ದರು. ಆದರೂ ಅವರಿಗೆ ಅವರದೇ ಒಂದು ನೇಮವಿತ್ತು. "ಒಂದೂರಿನ ಮಾತು ನಂಬಬಾರದ್ರಿ. ನಾಕೂ ಊರು ಒಂದ ಮಾತಂದ್ರ ಅವತ್ತ ನಂಬಬೇಕು. ಅವರವರ ನಡಕ ಹೋಗೂದಿಲ್ಲ, ಬರೂದಿಲ್ಲ. ಹಂತಾದರಾಗ ಕೂಡಿ ಬಂತಂದ್ರ ಸುಳ್ಳ ಹೆಂಗ ಆದೀತು?" ಇದು ನನಗೂ ಸರಿಯೆನಿಸುತ್ತಿತ್ತು, ವಿಜ್ಞಾನ ಕಲಿಸುವವಳಿಗೂ.

ಒಂದು ವರ್ಷ ನವರಾತ್ರಿಗಿಂತ ಮೊದಲು ಬಸ್ಸಿನ ಎಡಗಡೆಯ ಒಂದು ಕಿಟಕಿಯ ಮುಚ್ಚಳ ಮುರಿದುಬಿತ್ತು. ಶಿವಪುತ್ರಪ್ಪನವರು ಡಿಪೋದಲ್ಲಿ ಹೇಳಿದರು, ಬರೆದು ಕೊಟ್ಟರು, ಏನೂ ಆಗಲಿಲ್ಲ. ನೇಮಣ್ಣ ಸಾಹುಕಾರರು ಗದಗಿನಿಂದ ಮುಳಗುಂದಕ್ಕೆ ಹೊರಟವರು ಆ ಕಿಟಕಿಗೇ ಸಿಕ್ಕರು. ಗದಗ ದಾಟುವ ಮೊದಲೇ ಅವರ ಗೊಣಗು ಶುರುವಾಯಿತು. "ಚಳಿಗಾಲದಾಗ ಮಳಿ ಬಂದ್ರ ಇಲ್ಲಿ ಕುಂತಾವ ಏನ್ ಮಾಡಬೇಕೋ? ಮೈಮ್ಯಾಲ ಹೊಯ್ಕೋಬೇಕೇನು?"

ಶಿವಪುತ್ರಪ್ಪನವರು ಪಂಚು ಬಡಿಯುತ್ತ ಆಕಡೆ ಈಕಡೆ ಓಡಾಡಿದರು. ಗೊಣಗು ನಿಲ್ಲಲಿಲ್ಲ. ಕೊನೆಗೆ, "ಸಾವಕಾರ್ರ, ಈ ಚಳಿಗಾಲದಾಗ ಒಂದ ಹನಿ ಬೀಳೂದಿಲ್ಲ, ಬೇಫಿಕೀರ ಕುಂಡ್ರಿ. ಮುಂಡರಗಿ ಅಜ್ಜ ಅಂದಾನ" ಎಂದರು. ಸಾಹುಕಾರರು ಸುಮ್ಮನಾದರು. ಅಜ್ಜನನ್ನು ಆ ವರ್ಷ ಇನ್ನೂ ಕೇಳಿಯೇ ಇರದ ಶಿವಪುತ್ರಪ್ಪನವರು ನನ್ನ ಕಡೆ ನೋಡಿ ಮೀಸೆಯಲ್ಲೇ ನಕ್ಕರು. ನಾನೂ ನಕ್ಕೆ. ಮುಳಗುಂದ ಬಂತು, ಸಾಹುಕಾರರು ಇಳಿದರು, ಮಾತು ಅಲ್ಲಿಗೆ ಮುಗಿಯಿತು ಅಂದುಕೊಂಡೆವು.

ಸೀಗಿ ಹುಣ್ಣಿಮೆ ಕಳೆದಿತ್ತು. ಒಂದು ಸಂಜೆ ಶಿರಹಟ್ಟಿಯಲ್ಲಿ ನಾನು ಹತ್ತುವುದಕ್ಕೂ ಬಿಡದೆ ಶಿವಪುತ್ರಪ್ಪನವರು, "ಅಕ್ಕೋರ, ಮುಳಗುಂದ, ಲಕ್ಷ್ಮೇಶ್ವರ, ಶಿರಹಟ್ಟಿ, ಮೂರೂ ಒಂದ ಮಾತು. ಈ ಸಲ ಚಳಿಗಾಲದಾಗ ಮಳಿ ಇಲ್ಲಂತ" ಎಂದರು. ದಾರಿಯುದ್ದಕ್ಕೂ ಅವರ ಕಾಲು ನೆಲಕ್ಕೆ ನಿಲ್ಲಲಿಲ್ಲ. ಮುಂಡರಗಿಯಲ್ಲಿ ಬಸ್ಸು ನಿಲ್ಲುವ ಮೊದಲೇ ಧುಮುಕಿ, ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೂತಿದ್ದ ಕುರಿ ಅಜ್ಜನನ್ನು ಕೇಳಿ ಓಡಿ ಬಂದರು. ಅಜ್ಜನೂ ಅದನ್ನೇ ಹೇಳಿದ್ದ. ಅವರ ಮುಖ ಮದುವೆ ನಿಶ್ಚಯವಾದವರ ಹಾಗೆ ಅರಳಿತ್ತು. "ನನ್ನ ಸರ್ವೀಸಿನಾಗ ಹಿಂಗ ಆಗಿದ್ದಿಲ್ರಿ" ಎಂದು ಡ್ರೈವರನಿಗೆ ಹೇಳಿದರು, ನನಗೆ ಹೇಳಿದರು, ನಿದ್ದೆ ಹೋಗಿದ್ದವರನ್ನು ಎಬ್ಬಿಸಿ ಹೇಳಿದರು.

ಅವರಿಗೆ ಕೊರ್ಲಹಳ್ಳಿಯಲ್ಲಿ ಪಾರವ್ವ ಎಂಬ ಅಕ್ಕ. ಹೊಳೆದಂಡೆಯ ಊರು, ಜಂತಿಯ ಮೇಲೆ ಮಣ್ಣು ಹಾಸಿದ ಮಾಳಿಗೆಯೇ ಸೂರಾಗಿದ್ದ ಮನೆ. ಮಾಳಿಗೆಯ ಜಂತಿಗಳಿಗೆಲ್ಲ ಗೆದ್ದಲು ಹಿಡಿದು ಮಳೆಗಾಲ ಪೂರ್ತಿ ಸೋರಿತ್ತು. ಮಗಳು ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ಮುಂಡರಗಿ ಸಂತೆಗೆ ಬಂದಿದ್ದ ಪಾರವ್ವ ಒಂದು ಸಂಜೆ ಬಸ್ಸಿನ ಬಾಗಿಲಿಗೆ ಬಂದು ತಮ್ಮನನ್ನು ಕೇಳಿದ್ದನ್ನು ನಾನೇ ಕೇಳಿಸಿಕೊಂಡೆ.

"ಬಡಿಗ್ಯಾ ಸಂಕ್ರಮಣ ದಾಟಲಿ ಅಂತಾನೋ ತಮ್ಮಾ. ಅಷ್ಟರಾಗ ಹುಡುಗಿಗೆ ದಿನ ತುಂಬತಾವು. ಸೋರೂ ಮನ್ಯಾಗ ಬಾಣಂತಿನ್ನ ಹೆಂಗ ಇಟಗೊಳ್ಳಿ? ಈಗ ಮಾಳಿಗಿ ತಗಸಲೇನು?"

"ತಗಸ ಅಕ್ಕಾ. ನಾಕೂ ಊರು ಒಂದ ಮಾತ ಹೇಳ್ಯಾವ. ಧೈರ್ಯಲೆ ತಗಸು."

ದೀಪಾವಳಿ ಮುಗಿದ ಮೇಲೆ ಪಾರವ್ವ ಜಂತಿ ಬದಲಿಸಲೆಂದು ಮಾಳಿಗೆ ತೆಗೆಸಿದಳು. ತಿಂಗಳ ಮೇಲೆ ಬರುವ ಛಟ್ಟಿ ಅಮಾವಾಸ್ಯೆಗೆ ಇನ್ನೂ ದಿನಗಳಿದ್ದವು, ಒಂದು ಮಧ್ಯಾಹ್ನ ಮೂಡಣ ದಿಕ್ಕು ಕಪ್ಪಿಟ್ಟಿತು. ಮಳೆ ಹಿಡಿದುಕೊಂಡಿತು. ರೇಡಿಯೋದವರು ಬಂಗಾಲ ಕೊಲ್ಲಿಯ ಮಾತಾಡುತ್ತಿದ್ದರು. ಶಿವಪುತ್ರಪ್ಪನವರು ಬಸ್ಸಿನ ಉದ್ದಗಲ ಅಳೆಯುತ್ತ, ಮುರಿದ ಕಿಟಕಿಯಿಂದ ತಲೆ ಹೊರಹಾಕಿ ನೋಡುತ್ತ, "ಹೊಳಿ ಕಡೆ ಇರಲಿಕ್ಕಿಲ್ಲ, ಇಲ್ಲಷ್ಟ ಐತಿ" ಎಂದು ಯಾರೂ ಕೇಳದಿದ್ದರೂ ಹೇಳುತ್ತಿದ್ದರು.

ಹೊಳೆ ಕಡೆಯೂ ಇತ್ತು. ತೆರೆದ ಮನೆಯ ಗೋಡೆ ನೀರು ಕುಡಿದು ಕುಸಿಯಿತು. ಅದಕ್ಕೆ ಮೊದಲೇ ಮಗಳನ್ನು ನೆರೆಮನೆಗೆ ಒಯ್ದಿದ್ದರಿಂದ ಉಳಿದಳು. ಗಾಬರಿಗೋ ಏನೋ, ಅಲ್ಲಿಯೇ ದಿನ ತುಂಬುವ ಮುಂಚೆ ಹೆರಿಗೆಯಾಯಿತು. ಹೆಣ್ಣು ಕೂಸು, ಅಂಗೈಯಷ್ಟು. ಅದಕ್ಕೆ ಶೀತವಾಗಿ ಉಸಿರು ಗೊರಗೊರ ಅನ್ನತೊಡಗಿತು.

ಮರುದಿನ ಸಂಜೆ ಮುಂಡರಗಿಯಲ್ಲಿ ಪಾರವ್ವ ಮಗಳನ್ನೂ ಕೂಸನ್ನೂ ಕರೆದುಕೊಂಡು ನಮ್ಮ ಬಸ್ಸನ್ನೇ ಹತ್ತಿದಳು, ಗದಗಿನ ದವಾಖಾನೆಗೆ ಹೋಗಲಿಕ್ಕೆ. ಮುಂದಿನ ಸೀಟು ಬಿಟ್ಟುಕೊಟ್ಟೆವು. ಆದರೆ ಮುರಿದ ಕಿಟಕಿಯಿಂದ ನುಗ್ಗುವ ಮಳೆಗಾಳಿ ಬಸ್ಸನ್ನೆಲ್ಲ ತುಂಬುತ್ತಿತ್ತು. ಶಿವಪುತ್ರಪ್ಪನವರು ಖಾಕಿ ಕೋಟು ಬಿಚ್ಚಿ ಕೂಸಿನ ಮೇಲೆ ಹೊದಿಸಿದರು. ಹೋಗಿ ಆ ಕಿಟಕಿಗೆ ಬೆನ್ನು ಕೊಟ್ಟು ನಿಂತರು. ಹಾಗೆ ನಿಂತವರು ಗದಗದವರೆಗೆ ಅಲುಗಲಿಲ್ಲ. ಡಂಬಳದಲ್ಲಿ ಹತ್ತಿದವರು ತಾವೇ ಅವರ ಹತ್ತಿರ ಹೋಗಿ ಟಿಕೀಟು ತೆಗೆದುಕೊಂಡು ಬಂದರು. ಪಂಚಿನ ಸದ್ದಿಲ್ಲ. ಅಂಗಿ ಬೆನ್ನಿಗೆ ಅಂಟಿ ನೀರು ಇಳಿಯುತ್ತಿತ್ತು.

"ತೊಯ್ಯಬ್ಯಾಡೋ, ಈಕಡೆ ಸರಿ" ಎಂದಳು ಪಾರವ್ವ.

"ಇರ್ಲಿ ಅಕ್ಕಾ."

"ನಿನ್ನ ನಾಕೂರು ಹೇಳಿದ್ದು ಬ್ಯಾರೆ ಊರಿಗಿರಬೇಕು ಬಿಡು. ಮನಸಿಗೆ ಹಚಗೋಬ್ಯಾಡ."

ಆಕೆ ಬೈದಿದ್ದರೆ ಚೆನ್ನಾಗಿತ್ತು. ಆ ಮಾತು ಕೇಳಿ ಅವರು ಮುಖ ಆಚೆ ತಿರುಗಿಸಿದ್ದನ್ನು ನೋಡಲಾರದೆ ನಾನು ತಲೆ ತಗ್ಗಿಸಿದೆ. ಕೂಸು ಗೊರಗೊರ ಅನ್ನುತ್ತಲೇ ಇತ್ತು. ಆ ದಾರಿ ಅಷ್ಟು ಉದ್ದವಿದೆಯೆಂದು ನನಗೆ ಅಂದಿನವರೆಗೆ ಗೊತ್ತಿರಲಿಲ್ಲ.

ಕೂಸು ಉಳಿಯಿತು. ಉಳಿಯಿತೆಂಬ ಖಬರು ಬಂದ ಮೇಲೆ ಶಿವಪುತ್ರಪ್ಪನವರು ಹಿರಿಯರನ್ನು ಒಬ್ಬೊಬ್ಬರಾಗಿ ಹಿಡಿದರು. ಜಗಳಕ್ಕಲ್ಲ, ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳುವುದಕ್ಕೆ. ಕುರಿ ಅಜ್ಜ, "ಭಟ್ರು ಅಂದಾರಂತ ಕೇಳಿದ್ನೆಪಾ. ಆಮ್ಯಾಲ ನೋಡಿದ್ನಿ, ಕುರಿ ಬಿಡಿಬಿಡಿ ಮಲಗಿದ್ವು" ಎಂದ. ಭಟ್ಟರು ದಲಾಲರ ಮಾತು ಕೇಳಿ ಪಂಚಾಂಗ ತೆಗೆದಿದ್ದರು, ಅದರಲ್ಲಿಯೂ ಹಾಗೇ ಕಂಡಿತಂತೆ. ದಲಾಲರಿಗೆ ಹೇಳಿದವರು ನೇಮಣ್ಣ ಸಾಹುಕಾರರು. ಮುಳಗುಂದದಲ್ಲಿ ಬಸ್ಸು ನಿಂತಾಗ ಶಿವಪುತ್ರಪ್ಪನವರು ಅಂಗಡಿಯ ಮುಂದೆಯೇ ಕೂಗಿ ಕೇಳಿದರು. ಸಾಹುಕಾರರು ಕನ್ನಡಕ ತೆಗೆದು ಅವರನ್ನೇ ನೋಡಿದರು.

"ಅಲ್ಲೋ, ನೀನ ಹೇಳಿದ್ಯಲ್ಲ. ಕಿಡಕಿ ಮುರದಿತ್ತು, ಅವತ್ತ. ಮುಂಡರಗಿ ಅಜ್ಜ ಅಂದಾನ ಅಂತ."

ಬಸ್ಸು ಹೊರಟಿತು. ಬಹಳ ಹೊತ್ತಿನ ಮೇಲೆ ಅವರು ನನ್ನ ಸೀಟಿನ ಹತ್ತಿರ ಬಂದರು. "ನಾಕೂರು, ನಾಕೂರು ಅಂತ ಕುಣದ್ನಿ ಅಕ್ಕೋರ. ಇದ್ದದ್ದು ನನ್ನ ಒಂದ ಬಾಯಿ" ಎಂದರು.

ಆಮೇಲೆ ಅವರು ಹವೆಯ ಮಾತು ಬಿಟ್ಟರು. ಮುಂದಿನ ನವರಾತ್ರಿಗೆ ಜನ ಕೇಳಿ ಕೇಳಿ ಸೋತರು. ಅಷ್ಟಕ್ಕೆ ಬಿಟ್ಟಾರೆಯೇ? "ಶಿವಪುತ್ರಪ್ಪ ಬಾಯಿ ಬಿಡವಲ್ಲ ಅಂದ್ರ ಈ ಸಲ ಥಂಡಿ ಭಾರಿ ಐತಿ" ಎಂದು ಲಕ್ಷ್ಮೇಶ್ವರದಲ್ಲಿ ಹತ್ತಿದ ಒಬ್ಬ ಶಿರಹಟ್ಟಿಯಲ್ಲಿ ಇಳಿಯುವಷ್ಟರಲ್ಲಿ ಎಲ್ಲರಿಗೂ ಹೇಳಿ ಮುಗಿಸಿದ್ದ. ಸುಮ್ಮನಿದ್ದರೂ ಭವಿಷ್ಯವೇ ಆಯಿತಲ್ಲ ಎಂದು ಅವರು ಬಾಗಿಲಲ್ಲಿ ನಿಂತು ಚಡಪಡಿಸುವುದನ್ನು ನೋಡಿ ನನಗೆ ನಗುವೂ ಬಂತು, ಸಂಕಟವೂ ಆಯಿತು.

ಆ ವರ್ಷವೇ ಪಾರವ್ವ ಗೋಡೆ ಕಟ್ಟಿಸಿ, ಮತ್ತೆ ಮಾಳಿಗೆಗೆ ಕೈ ಹಚ್ಚಿದ್ದು. ಆಗ ಕೆಲವು ದಿನ ಬಸ್ಸಿನಲ್ಲಿ ಬೇರೆ ಕಂಡಕ್ಟರ್ ಇದ್ದ. ಕೂತೇ ಟಿಕೀಟು ಕೊಡುತ್ತಿದ್ದ. ನನಗೆ ಬಸ್ಸು ನಿಜಕ್ಕೂ ಮಲಗಿತೇನೋ ಅನಿಸುತ್ತಿತ್ತು. ಶಿವಪುತ್ರಪ್ಪನವರು ತಿರುಗಿ ಬಂದಾಗ ಮುಖ ಬಿಸಿಲಿಗೆ ಕಪ್ಪಾಗಿತ್ತು.

"ಎಲ್ಲಿಗೆ ಹೋಗಿದ್ರಿ?"

"ಅಕ್ಕನ ಮನಿಗೆ. ಈ ಸಲ ಏನಂತಾವೋ ನಿನ್ನ ಊರು ಅಂತ ಕೇಳಿದ್ಲು. ಹೇಳಾಕ ಏನಿತ್ರಿ ನನ್ನ ಕಡೆ? ರಜಾ ಹಾಕಿ, ಲಾರಿಯವರ ಕಡಿಂದ ಒಂದು ದೊಡ್ಡ ತಾಡಪತ್ರಿ ಇಸಗೊಂಡು ಹ್ವಾದ್ನಿ. ಮಾಳಿಗಿ ಮುಚ್ಚೂತನಕ ಅದನ್ನ ಕಾಲಾಗ ಇಟಗೊಂಡು ಕುಂತಿದ್ನಿ."

"ಕುಂತಿದ್ರಿ?"

"ಕುಂತಿದ್ನಿ ಅಕ್ಕೋರ. ತೊಡಿ ಮ್ಯಾಲ ಕೂಸು ಇತ್ತು."

ಮಳೆ ಬಂದಿತೇ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮುಂದೆ ನನಗೆ ಗದಗಿನ ಶಾಲೆಗೇ ವರ್ಗವಾಯಿತು. ಸುತ್ತು ತಪ್ಪಿತು. ಅವರನ್ನು ಕಡೆಯ ಸಲ ನೋಡಿದ್ದು ಗದಗ ಸ್ಟ್ಯಾಂಡಿನಲ್ಲಿ, ನಿವೃತ್ತಿಯ ಹತ್ತಿರ. ಮೊಮ್ಮಗಳನ್ನು ಕರೆದುಕೊಂಡು ಪಾರವ್ವ ಬರುವವಳಿದ್ದಳು. ಅವರು ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ಓಡಾಡುತ್ತಿದ್ದರು. ಚಳಿಗಾಲ ಹೇಗೆ ಅಂತ ನಾನು ಬೇಕೆಂದೇ ಕೇಳಿದೆ. "ಬಂದಾಗ ನೋಡೂನ್ರಿ" ಎಂದು ಮೀಸೆಯಲ್ಲಿ ನಕ್ಕರು. ಎರಡು ವರ್ಷಕ್ಕೆ ಅವರು ತೀರಿಕೊಂಡ ಸುದ್ದಿ ಬಂತು, ಅದೂ ತಡವಾಗಿ.

ಅದರ ಮರುವರ್ಷ, ದೀಪಾವಳಿ ಕಳೆದ ಮೇಲೆ, ಶಿರಹಟ್ಟಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯ ಮದುವೆಗೆಂದು ಅದೇ ದಾರಿಯ ಬಸ್ಸು ಹತ್ತಿದೆ. ಹೊಸ ಬಸ್ಸು, ಎಲ್ಲ ಕಿಟಕಿಗೂ ಗಾಜು. ಪಕ್ಕದಲ್ಲಿ ಕೂತಿದ್ದಾತ ಮುಂದಿನವರಿಗೆ ಹೇಳುತ್ತಿದ್ದ. "ಈ ಚಳಿಗಾಲದಾಗ ಒಂದ ಹನಿ ಬೀಳೂದಿಲ್ಲಂತ ತಗೋರಿ. ಕಂಡಕ್ಟರ್ ಶಿವಪುತ್ರಪ್ಪ ಹೇಳ್ಯಾನ."

ನನಗೆ ತಡೆಯಲಾಗಲಿಲ್ಲ. "ಅವರು ತೀರಿಕೊಂಡ್ರಲ್ರಿ. ಯಾವಾಗ ಹೇಳಿದ್ರು?" ಎಂದೆ.

ಆತ ಅನುಕಂಪದಿಂದ ನನ್ನನ್ನು ನೋಡಿದ. "ಅದು ಗೊತ್ತಿಲ್ರಿ ಬಾಯಾರ. ನಾಕೂ ಊರಾಗ ಅದ ಮಾತೈತಿ."

ನಾನು ತಟಕ್ಕನೆ ಬಾಗಿಲ ಕಡೆ ನೋಡಿದೆ. ಅಲ್ಲಿ ಯಾರೂ ನಿಂತಿರಲಿಲ್ಲ. ಇದನ್ನು ಹೇಳಿ ನಗುವುದಕ್ಕೆ, ಹೇಳಿ ಅಳುವುದಕ್ಕೆ ನನಗಿದ್ದವರು ಅವರೊಬ್ಬರೇ ಎಂದು ಆಗ ತಿಳಿಯಿತು. ಹೊರಗೆ ಬಿಸಿಲು ಚೆನ್ನಾಗಿತ್ತು, ಆಕಾಶದಲ್ಲಿ ಒಂದು ಎಳೆ ಮೋಡವಿರಲಿಲ್ಲ. ನಾನು ನನ್ನ ಪಕ್ಕದ ಕಿಟಕಿಯ ಗಾಜನ್ನು ಎಳೆದು ಮುಚ್ಚಿದೆ.